ಬೇಗ ಅರ್ಜಿ ಹಾಕುವುದರಿಂದ ಏನು ಲಾಭ? ಪಿಯು ಮಕ್ಕಳ ಮನೆಯವರಿಗೂ ದಾನಿಗಳಿಗೂ ಒಂದು ವಿವರಣೆ

"ರಿಸಲ್ಟೇ ಬಂದಿಲ್ಲ, ಈಗಲೇ ಯಾಕೆ ಅರ್ಜಿ?" ವಿದ್ಯಾರ್ಥಿವೇತನದ ವಿಚಾರಣೆಗೆ ಬರುವ ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಾಲದಲ್ಲಿ ಫಲಿತಾಂಶ ಬಂದ ಮೇಲೆ ಅಂಕಪಟ್ಟಿ, ಟಿ.ಸಿ. ಹಿಡಿದು ಕಾಲೇಜಿನ ಕಚೇರಿ ಮುಂದೆ ಸಾಲು ನಿಂತರೆ ಅದೇ ಪ್ರವೇಶ. ಊರಿನ ಪದವಿ ಕಾಲೇಜಿಗೆ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಆದರೆ ಸೀಟು ಕಡಿಮೆ, ಕೇಳುವವರು ಬಹಳ ಇರುವ ಕಾಲೇಜುಗಳಲ್ಲಿ ಕ್ರಮ ತಿರುಗಿಬಿಟ್ಟಿದೆ. ಅಲ್ಲಿ ಅರ್ಜಿಯ ಬಾಗಿಲು ಫಲಿತಾಂಶ ಬರುವ ಹೊತ್ತಿಗೆ ಮುಚ್ಚಿರುತ್ತದೆ. ಶೇಕಡಾ 95 ಅಂಕ ಪಡೆದ ಮಗು ಮೇ ತಿಂಗಳಲ್ಲಿ ಹೋಗಿ ಕೇಳಿದರೆ, ಮುಂದಿನ ವರ್ಷ ಬನ್ನಿ ಎನ್ನುತ್ತಾರೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಬೇಗ ಅರ್ಜಿ ಹಾಕಿದರೆ ಅಂಕ ಹೆಚ್ಚುವುದಿಲ್ಲ. ಸಿಇಟಿ, ನೀಟ್ ಮುಂತಾದ ಪರೀಕ್ಷೆಗಳಲ್ಲಿ ಮೊದಲ ದಿನ ಅರ್ಜಿ ಹಾಕಿದವನಿಗೂ ಕೊನೆಯ ದಿನ ಹಾಕಿದವನಿಗೂ ರ‍್ಯಾಂಕ್ ಕೊಡುವ ಲೆಕ್ಕ ಒಂದೇ. ಬೇಗ ಹಾಕಿದರೆ ಸೀಟು ಖಚಿತ ಎಂದು ಯಾರಾದರೂ ಹೇಳಿ ಹಣ ಕೇಳಿದರೆ ನಂಬಬೇಡಿ. ಲಾಭ ಇರುವುದು ಬೇರೆ ಕಡೆ. ಮಗು ಓದಿ ಗಳಿಸಿದ ಅಂಕ, ಒಂದು ಕಾಗದದ ಕೊರತೆಯಿಂದ ಅಥವಾ ಹೆಸರಿನ ಒಂದು ಅಕ್ಷರದ ತಪ್ಪಿನಿಂದ ವ್ಯರ್ಥವಾಗದಂತೆ ಕಾಯುವ ಸಮಯ ಅದು ಕೊಡುತ್ತದೆ. ಕೆಲವು ಕಡೆ ಎರಡನೇ ಅವಕಾಶವನ್ನೂ ಕೊಡುತ್ತದೆ. ಅದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಯಾವ ಬಾಗಿಲು ಯಾವಾಗ ತೆರೆಯುತ್ತದೆ

ದ್ವಿತೀಯ ಪಿಯು ಓದುತ್ತಿರುವಾಗಲೇ, ಫಲಿತಾಂಶಕ್ಕೆ ಕಾಯದೆ ಈ ಎಲ್ಲ ಪರೀಕ್ಷೆಗಳಿಗೆ ಅರ್ಜಿ ಹಾಕಬಹುದು. ಇದು ಅನೇಕರಿಗೆ ಗೊತ್ತಿಲ್ಲ.

ವರ್ಷದಲ್ಲಿ ಮೊದಲು ಬರುವುದು ಕಾನೂನು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ನಡೆಯುವ ಕ್ಲ್ಯಾಟ್ ಪರೀಕ್ಷೆ 2022ರಿಂದ ಡಿಸೆಂಬರ್ ತಿಂಗಳಲ್ಲೇ ನಡೆಯುತ್ತಿದೆ. ಅದಕ್ಕೂ ಕೆಲವು ತಿಂಗಳ ಮೊದಲೇ, ಪಿಯು ತರಗತಿಗಳು ಅರ್ಧವೂ ಮುಗಿಯದ ಹೊತ್ತಿಗೆ, ಅರ್ಜಿ ಆರಂಭವಾಗಿರುತ್ತದೆ. ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ಮಕ್ಕಳಿಗೆ ಶೇಕಡಾ 25ರ ಪಾಲು ಇದೆ. ಫೆಬ್ರವರಿಯಲ್ಲಿ ಲಾ ಓದಬೇಕು ಎಂದು ಮನಸ್ಸು ಮಾಡಿದ ಮಗುವಿಗೆ ಆ ವರ್ಷದ ಬಾಗಿಲು ಆಗಲೇ ಮುಚ್ಚಿದೆ.

ಎರಡನೆಯದು ಎಂಜಿನಿಯರಿಂಗ್‌ನ ಜೆಇಇ ಮೇನ್. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ನಡೆಯುತ್ತದೆ. ಜನವರಿಯ ಪರೀಕ್ಷೆಗೆ ಅರ್ಜಿ ಹಿಂದಿನ ಅಕ್ಟೋಬರ್–ನವೆಂಬರ್‌ನಲ್ಲಿ. ಮೂರನೆಯದು ನಮ್ಮ ಕೆಇಎ ನಡೆಸುವ ಸಿಇಟಿ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಜನವರಿ–ಫೆಬ್ರವರಿ, ಪರೀಕ್ಷೆ ಏಪ್ರಿಲ್. ವೈದ್ಯಕೀಯದ ನೀಟ್‌ಗೆ ಅರ್ಜಿ ಫೆಬ್ರವರಿ–ಮಾರ್ಚ್, ಪರೀಕ್ಷೆ ಮೇ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಅರ್ಜಿ 2025ರಲ್ಲಿ ಮಾರ್ಚ್‌ನಲ್ಲಿತ್ತು. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದೇ ದಾರಿ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಮತ್ತು ದಿಲ್ಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹಲವು ಕೋರ್ಸುಗಳಿಗೆ ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಅವುಗಳ ದಿನಾಂಕ ಬೇರೆ, ಅರ್ಜಿ ಬೇರೆ. ಜೆಇಇ ಮೇನ್, ನೀಟ್, ಸಿಯುಇಟಿ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲೂ ಸಿಗುತ್ತವೆ. ಆದರೆ ಕನ್ನಡ ಬೇಕೆಂದು ಅರ್ಜಿ ತುಂಬುವಾಗಲೇ ಆರಿಸಬೇಕು.

ಈ ಪಟ್ಟಿಯ ಜೊತೆ ನಮ್ಮ ಮನೆಗಳ ಕ್ಯಾಲೆಂಡರನ್ನೂ ಇಟ್ಟು ನೋಡಿ. ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆ ಮಾರ್ಚ್ ಆಸುಪಾಸಿನಲ್ಲಿ. 2025ರಲ್ಲಿ ಬಹುತೇಕ ಇಡೀ ಮಾರ್ಚ್ ತಿಂಗಳು ರಮಝಾನ್ ಇತ್ತು. 2026 ಮತ್ತು 2027ರಲ್ಲೂ ಅದು ಫೆಬ್ರವರಿ–ಮಾರ್ಚ್ ನಡುವೆಯೇ ಬರುತ್ತದೆ. ಉಪವಾಸ, ಪರೀಕ್ಷೆ, ಅರ್ಜಿ ಮೂರೂ ಒಂದೇ ತಿಂಗಳಲ್ಲಿ ಸೇರಿದಾಗ ಮನೆಯಲ್ಲಿ ಹಿಂದೆ ಬೀಳುವುದು ಅರ್ಜಿಯೇ. ಆ ತಿಂಗಳಲ್ಲಿ ಮಗು ಓದಿನ ಕಡೆ, ಇಬಾದತ್‌ನ ಕಡೆ ಇರಬೇಕಾದರೆ ನಾಡಕಚೇರಿಯ ಓಡಾಟ ಡಿಸೆಂಬರ್ ಒಳಗೆ ಮುಗಿದಿರಬೇಕು.

ಬೇಗ ಹಾಕುವುದರಿಂದ ನಿಜವಾದ ಲಾಭ ಎಲ್ಲಿ

ಮೊದಲನೆಯದು, ಎರಡು ಅವಕಾಶ ಇರುವ ಪರೀಕ್ಷೆಗಳಲ್ಲಿ. ಜೆಇಇ ಮೇನ್‌ನ ಎರಡೂ ಅವಧಿಗಳಲ್ಲಿ ಬರೆದವರಿಗೆ ಹೆಚ್ಚು ಬಂದ ಅಂಕವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜನವರಿಯಲ್ಲಿ ಬರೆದ ಹುಡುಗನಿಗೆ ಪರೀಕ್ಷೆ ಕೇಂದ್ರ ಹೇಗಿರುತ್ತದೆ, ಕಂಪ್ಯೂಟರ್ ಮುಂದೆ ಮೂರು ಗಂಟೆ ಹೇಗೆ ಕೂರಬೇಕು, ಎಲ್ಲಿ ತಾನು ಹಿಂದೆ ಇದ್ದೇನೆ ಎಂಬುದು ಗೊತ್ತಾಗಿರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಬರೆಯುವವನಿಗೆ ಅದು ಮೊದಲನೆಯದೂ ಹೌದು, ಕೊನೆಯದೂ ಹೌದು. ನಗರದ ಕೋಚಿಂಗ್ ಮಕ್ಕಳಲ್ಲಿ ಬಹುಮಂದಿ ಎರಡೂ ಬರೆಯುತ್ತಾರೆ. ಸರಕಾರಿ ಪಿಯು ಕಾಲೇಜಿನ ನಮ್ಮ ಮಕ್ಕಳು ಅಕ್ಟೋಬರ್‌ನಲ್ಲಿ ಯಾರೂ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಅವಕಾಶ ಕಳೆದುಕೊಳ್ಳಬಾರದು.

ಎರಡನೆಯದು, ಪ್ರವೇಶವನ್ನು ಸುತ್ತುಗಳಲ್ಲಿ ನಡೆಸುವ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪದವಿ ತರಗತಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಮುಂಚಿನ ಸುತ್ತನ್ನೂ ಆಮೇಲೆ ಸಾಮಾನ್ಯ ಸುತ್ತನ್ನೂ ನಡೆಸಿದೆ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯವೂ ಹಲವು ಸುತ್ತುಗಳಲ್ಲಿ ಅರ್ಜಿ ಪಡೆಯುತ್ತದೆ. ಇವುಗಳ ಶುಲ್ಕ ಕೇಳಿದೊಡನೆ ನಮ್ಮ ಮನೆಯವರು ಹಿಂದೆ ಸರಿಯುತ್ತಾರೆ. ಆದರೆ ಎರಡೂ ಕಡೆ ಮನೆಯ ಆದಾಯ ನೋಡಿ ನೆರವು ಕೊಡುವ ವ್ಯವಸ್ಥೆ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಆ ನೆರವು ಬೋಧನಾ ಶುಲ್ಕದ ಜೊತೆ ವಸತಿ, ಊಟದ ಖರ್ಚನ್ನೂ ಒಳಗೊಳ್ಳಬಹುದು. ನೆರವಿಗೆ ಬೇರೆ ಅರ್ಜಿ, ಬೇರೆ ದಾಖಲೆ ಬೇಕು. ಮುಂಚಿನ ಸುತ್ತಿನಲ್ಲಿ ಹಾಕಿದವರಿಗೆ ಸೀಟು ಸಿಕ್ಕಿತೋ ಇಲ್ಲವೋ, ನೆರವು ಎಷ್ಟು ಎಂಬ ಉತ್ತರ ಬೇಗ ಸಿಗುತ್ತದೆ. ಸಿಕ್ಕರೆ ಮನಸ್ಸು ಹಗುರ; ಸಿಗದಿದ್ದರೆ ಸಿಇಟಿ, ಸಿಯುಇಟಿ ದಾರಿಗಳು ಇನ್ನೂ ತೆರೆದಿರುತ್ತವೆ.

ಮೂರನೆಯದು, ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುವ ಲಾಭ: ತಪ್ಪು ತಿದ್ದಿಕೊಳ್ಳುವ ಸಮಯ. ಕೊನೆಯ ದಿನ ಸೈಬರ್ ಸೆಂಟರ್‌ನಲ್ಲಿ ಸಾಲು, ಸರ್ವರ್ ನಿಧಾನ, ಒಟಿಪಿ ಬರಬೇಕಾದ ಮೊಬೈಲು ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಅವಸರದಲ್ಲಿ ಸೈಬರ್‌ನ ಹುಡುಗ ಪ್ರವರ್ಗದ ಕಡೆ ಸಾಮಾನ್ಯ ಎಂದು ಒತ್ತಿಬಿಟ್ಟರೆ ಮಗುವಿನ ಮೀಸಲಾತಿಯೇ ಹೋಯಿತು. ತಿದ್ದುಪಡಿಗೆ ಕೊಡುವ ಕೆಲವು ದಿನಗಳಲ್ಲಿ ಎಲ್ಲ ಕಾಲಂಗಳನ್ನೂ ತಿದ್ದಲು ಬಿಡುವುದಿಲ್ಲ. ಮೊದಲ ವಾರದಲ್ಲೇ ಹಾಕಿ, ಪ್ರಿಂಟ್ ತೆಗೆದು, ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಅಂಕಪಟ್ಟಿಯೊಂದಿಗೆ ತಾಳೆ ನೋಡಿದರೆ ಇಂಥ ತಪ್ಪು ನಿಲ್ಲುವುದಿಲ್ಲ.

ಕಾಗದಪತ್ರ: ಸೀಟು ತಪ್ಪುವ ನಿಜವಾದ ಜಾಗ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಮಕ್ಕಳು ಅಂಕ ಕಡಿಮೆಯಾಗಿ ಸೀಟು ಕಳೆದುಕೊಳ್ಳುವುದನ್ನು ಎಲ್ಲರೂ ನೋಡುತ್ತಾರೆ. ಕಾಗದ ಸರಿಯಿಲ್ಲದೆ ಕಳೆದುಕೊಳ್ಳುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹೆಸರು. ಒಂದೇ ಹುಡುಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಂ.ಡಿ. ಹುಡುಗಿಯ ಹೆಸರಿನ ಕೊನೆಗೆ ಒಂದು ಕಡೆ ಬಾನು, ಇನ್ನೊಂದು ಕಡೆ ಬೇಗಂ, ಮತ್ತೊಂದು ಕಡೆ ಏನೂ ಇಲ್ಲ. ಶೇಖ್, ಶೇಕ್, ಶೈಕ್ ಮೂರೂ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮೂರು ಬೇರೆ ಹೆಸರು. ನಮಗೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮೂವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಒಳ್ಳೆಯದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡು ಸಲ ಮಾತ್ರ, ಹುಟ್ಟಿದ ದಿನಾಂಕ ತಿದ್ದಲು ಒಂದೇ ಸಲ ಅವಕಾಶ. ಆದ್ದರಿಂದ ಯೋಚಿಸಿ ತಿದ್ದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಹತ್ತನೇ ತರಗತಿಯ ಮಕ್ಕಳ ಮನೆಯವರು ಪರೀಕ್ಷೆಗೆ ಮೊದಲು ಶಾಲೆಯಲ್ಲಿ ತೋರಿಸುವ ನಾಮಿನಲ್ ರೋಲ್ ನೋಡಿ, ಅಕ್ಷರ ಅಕ್ಷರ ಓದಿ. ಆ ಐದು ನಿಮಿಷ ಮುಂದಿನ ಐದು ವರ್ಷದ ಓಡಾಟ ತಪ್ಪಿಸುತ್ತದೆ.

ಪ್ರವರ್ಗ 2ಬಿ. ರಾಜ್ಯದಲ್ಲಿ ಮುಸ್ಲಿಮರಿಗೆ ಪ್ರವರ್ಗ 2ಬಿಯಲ್ಲಿ ಶೇಕಡಾ 4ರ ಮೀಸಲಾತಿ ಇದೆ. ಅದಕ್ಕೆ ತಹಸೀಲ್ದಾರರಿಂದ ನಮೂನೆ–ಎಫ್‌ನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು; ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲಿರಲಿ, ತಂದೆಯ ಹೆಸರಿನಲ್ಲಿರುವುದು ಸಾಲದು. ಸಾಮಾನ್ಯವಾಗಿ 5 ವರ್ಷ ಚಾಲ್ತಿಯಲ್ಲಿರುತ್ತದೆ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಈಗಲೇ ನೋಡಿ.

ಗ್ರಾಮೀಣ, ಕನ್ನಡ ಮಾಧ್ಯಮ ಮತ್ತು 371(ಜೆ). ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಪ್ರತ್ಯೇಕ ಪಾಲು ಇದೆ. ಇದಕ್ಕೆ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬಿಇಒ ಅವರ ಮೇಲುರುಜು ಬೇಕಾಗುತ್ತದೆ. ಮೂರು ಶಾಲೆ ಬದಲಿಸಿದ ಮಗುವಿಗೆ ಮೂರು ಕಡೆ ಓಡಾಟ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ 371(ಜೆ) ಅಡಿ ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8ರ ಪಾಲು ಇದೆ. ಅದರ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. 2ಬಿ ಜೊತೆ ಇವೂ ಸೇರಿದರೆ ಮಗುವಿನ ಅವಕಾಶ ಹೆಚ್ಚುತ್ತದೆ. ಆದರೆ ಅರ್ಜಿಯಲ್ಲಿ ಕೇಳದೆ ಬಿಟ್ಟದ್ದನ್ನು ಕೌನ್ಸೆಲಿಂಗ್ ಸಮಯದಲ್ಲಿ ಕೇಳಿದರೆ ಸಿಗುವುದು ಬಹಳ ಕಷ್ಟ.

ಕೇಂದ್ರದ ಸಂಸ್ಥೆಗಳಿಗೆ ಬೇರೆ ಕಾಗದ. ಐಐಟಿ, ಎನ್‌ಐಟಿಗಳಲ್ಲಿ, ನೀಟ್‌ನ ಅಖಿಲ ಭಾರತ ಕೋಟಾದಲ್ಲಿ 2ಬಿ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. 2ಬಿಯಲ್ಲಿರುವ ಎಲ್ಲರೂ ಅದರಲ್ಲಿ ಇಲ್ಲ. ತಮ್ಮ ಪಂಗಡ ಆ ಪಟ್ಟಿಯಲ್ಲಿದೆಯೇ ಎಂದು ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಇಲ್ಲದವರು ಆದಾಯ, ಆಸ್ತಿಯ ಮಿತಿಯೊಳಗಿದ್ದರೆ ಆರ್ಥಿಕವಾಗಿ ಹಿಂದುಳಿದವರ, ಅಂದರೆ ಇಡಬ್ಲ್ಯುಎಸ್, ಶೇಕಡಾ 10ರ ಪಾಲಿಗೆ ಪ್ರಯತ್ನಿಸಬಹುದು. ಇಲ್ಲಿ ಮಾತ್ರ ಒಂದು ಎಚ್ಚರಿಕೆ: ಐಐಟಿ, ಎನ್‌ಐಟಿ ಪ್ರವೇಶಕ್ಕೆ ಈ ಎರಡೂ ಪ್ರಮಾಣಪತ್ರಗಳು ಆ ವರ್ಷದ ಏಪ್ರಿಲ್ 1ರ ನಂತರ ಪಡೆದವೇ ಆಗಿರಬೇಕು. ಹಿಂದಿನ ಡಿಸೆಂಬರ್‌ನಲ್ಲಿ ಮಾಡಿಸಿಟ್ಟರೆ ಪ್ರಯೋಜನವಿಲ್ಲ. ಪೂರಕ ದಾಖಲೆಗಳನ್ನು ಮೊದಲೇ ಜೋಡಿಸಿಟ್ಟು ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಕೊಡುವುದು ಸರಿಯಾದ ಕ್ರಮ.

ಬ್ಯಾಂಕ್ ಖಾತೆ. ಸರಕಾರಿ ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಖಾತೆ ಇದೆ, ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು. ಎನ್‌ಪಿಸಿಐ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹಣದ ವಿಷಯದಲ್ಲಿ ಸಿಗುವ ಸಮಯ

ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಕೆಲವೇ ದಿನ ಕೊಡುತ್ತಾರೆ. ಆ ದಿನಗಳಲ್ಲಿ ಸಾಲ ಹುಡುಕಲು ಹೊರಟರೆ ಒಡವೆ ಅಡವಿಡುವುದೋ ಬಡ್ಡಿಯವರ ಮನೆಗೆ ಹೋಗುವುದೋ ಉಳಿಯುವ ದಾರಿ. ಬಡ್ಡಿಯಿಂದ ದೂರ ಇರಬೇಕೆನ್ನುವ ಮನೆಗಳಿಗಂತೂ ಸಮಯವೇ ದೊಡ್ಡ ಆಸರೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸು ಸೇರುವವರಿಗೆ ಸಾಲದ ನೆರವು ಇದೆ. ಅದರ ಷರತ್ತುಗಳನ್ನು ಮೊದಲೇ ಓದಿ, ಪ್ರಕಟಣೆ ಬಂದೊಡನೆ ಅರ್ಜಿ ಹಾಕಿದವರಿಗೆ ಸೀಟು ಸಿಕ್ಕ ದಿನ ಕೈಯಲ್ಲಿ ದಾರಿ ಇರುತ್ತದೆ. ನಮ್ಮ ಟ್ರಸ್ಟಿನ ಅರ್ಜಿಗೂ ಇದೇ ಮಾತು.

ಬೇಗ ಒಂದು ಕಡೆ ಸೀಟು ಹಿಡಿದರೆ ಕಟ್ಟಿದ ಹಣ ಹೋಗುತ್ತದೆಯೇ ಎಂಬ ಭಯ ಅನೇಕರಿಗಿದೆ. ಯುಜಿಸಿಯ 2018ರ ಸೂಚನೆಯಲ್ಲಿ ಇದಕ್ಕೆ ಲೆಕ್ಕ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಸಣ್ಣ ಮೊತ್ತ ಕಳೆದು ಪೂರ್ಣ ಶುಲ್ಕ ಹಿಂದಿರುಗಿಸಬೇಕು. 15 ದಿನಕ್ಕಿಂತ ಕಡಿಮೆ ಇದ್ದರೆ ಶೇಕಡಾ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇಕಡಾ 80, ಅಲ್ಲಿಂದ 30 ದಿನದವರೆಗೆ ಶೇಕಡಾ 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದರಲ್ಲಿದೆ. ಬಿಡುವ ನಿರ್ಧಾರವನ್ನೂ ಬೇಗ ಮಾಡಿದರೆ ನಷ್ಟ ಕಡಿಮೆ.

ಹೆಣ್ಣುಮಕ್ಕಳ ವಿಷಯದಲ್ಲಿ ಸಮಯಕ್ಕೆ ಇನ್ನೂ ಹೆಚ್ಚಿನ ಬೆಲೆ. ಜುಲೈನಲ್ಲಿ ದೂರದ ಊರಿನಲ್ಲಿ ಸೀಟು ಎಂದಾಗ, ಎರಡು ದಿನದಲ್ಲಿ ಒಪ್ಪಬೇಕು ಎಂದಾಗ, ಅಪ್ಪ ಅಮ್ಮನ ಬಾಯಲ್ಲಿ ಸುಲಭವಾಗಿ ಬರುವ ಉತ್ತರ ಬೇಡ ಎಂಬುದೇ. ಅವರ ಆತಂಕ ಸುಳ್ಳಲ್ಲ. ಆದರೆ ನವೆಂಬರ್‌ನಲ್ಲೇ ಅರ್ಜಿ ಹಾಕಿದ್ದರೆ ಹಾಸ್ಟೆಲ್ ನೋಡಿ ಬರಬಹುದು, ಅಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗಿಯ ತಾಯಿಯೊಂದಿಗೆ ಮಾತಾಡಬಹುದು, ಮನೆಯ ಹಿರಿಯರಿಗೆ ನಿಧಾನವಾಗಿ ತಿಳಿಸಿ ಹೇಳಬಹುದು. ಎಷ್ಟೋ ಸಲ ಬೇಡ ಎಂದದ್ದು ಕಾಲೇಜನ್ನಲ್ಲ, ಅವಸರವನ್ನು.

ಅಮೆರಿಕದ ಕಾಲೇಜುಗಳ ಬಗ್ಗೆ ಒಂದು ಮಾತು

ಗಲ್ಫಿನಲ್ಲಿರುವ ಕೆಲವು ಕುಟುಂಬಗಳು ಅಲ್ಲಿನ ಶಾಲೆಗಳಲ್ಲಿ ಅರ್ಲಿ ಡಿಸಿಷನ್, ಅರ್ಲಿ ಆ್ಯಕ್ಷನ್ ಎಂಬ ಮಾತು ಕೇಳಿ ನಮ್ಮನ್ನು ವಿಚಾರಿಸುತ್ತವೆ. ಇವೆರಡೂ ಒಂದೇ ಅಲ್ಲ. ಎರಡಕ್ಕೂ ಅರ್ಜಿ ಸಾಮಾನ್ಯವಾಗಿ ನವೆಂಬರ್ ಮೊದಲ ಹದಿನೈದು ದಿನಗಳೊಳಗೆ. ಅರ್ಲಿ ಆ್ಯಕ್ಷನ್‌ನಲ್ಲಿ ಉತ್ತರ ಬೇಗ ಬರುತ್ತದೆ, ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಅರ್ಲಿ ಡಿಸಿಷನ್‌ನಲ್ಲಿ ಒಂದೇ ಕಾಲೇಜಿಗೆ ಮಾತು ಕೊಟ್ಟಂತೆ. ಸೀಟು ಬಂದರೆ ಉಳಿದ ಅರ್ಜಿಗಳನ್ನು ಹಿಂದೆ ಪಡೆಯಬೇಕು. ಅಲ್ಲಿನ ಕೆಲವು ಖಾಸಗಿ ಕಾಲೇಜುಗಳು ಅರ್ಧದಷ್ಟು ಸೀಟುಗಳನ್ನು ಈ ಸುತ್ತಿನಲ್ಲೇ ತುಂಬುವುದರಿಂದ ಲಾಭ ನಿಜ. ನೆರವು ಸಾಲದಿದ್ದರೆ ಬಿಡಲು ಅವಕಾಶವಿದ್ದರೂ, ಬೇರೆ ಕಾಲೇಜುಗಳು ಎಷ್ಟು ನೆರವು ಕೊಡುತ್ತಿದ್ದವು ಎಂದು ಹೋಲಿಸಿ ನೋಡಲು ಆಗುವುದಿಲ್ಲ. ನೆರವಿಲ್ಲದೆ ಓದಲಾಗದ ಮನೆಯವರು ಸಹಿ ಹಾಕುವ ಮೊದಲು ಇದನ್ನು ಚೆನ್ನಾಗಿ ಯೋಚಿಸಬೇಕು.

ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ತಮ್ಮ ಮುಂಚಿನ ಸುತ್ತನ್ನೇ ಕೈಬಿಡುವುದಾಗಿ ಘೋಷಿಸಿದವು. ಮಾಹಿತಿ ಇರುವ, ಅನುಕೂಲಸ್ಥ ಮನೆಯ ಮಕ್ಕಳಿಗೇ ಅದು ಹೆಚ್ಚು ಉಪಯೋಗವಾಗುತ್ತಿದೆ ಎಂಬುದು ಕಾರಣ. 2011ರಲ್ಲಿ ಎರಡೂ ಅದನ್ನು ಮತ್ತೆ ತಂದವು. ಬೇಗ ಅರ್ಜಿ ಹಾಕುವ ವ್ಯವಸ್ಥೆ ಎಲ್ಲೇ ಇರಲಿ, ಮೊದಲೇ ಗೊತ್ತಿದ್ದವನಿಗೆ ಅನುಕೂಲ, ಗೊತ್ತಿಲ್ಲದವನಿಗೆ ನಷ್ಟ. ಆ ವ್ಯವಸ್ಥೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಗೊತ್ತಿಲ್ಲದವರಿಗೆ ಹೇಳುವುದು ನಮ್ಮ ಕೈಯಲ್ಲಿದೆ.

ದಾನಿಗಳ ಗಮನಕ್ಕೆ

ಟ್ರಸ್ಟಿಗೆ ಝಕಾತ್ ಮತ್ತು ಸದಕಾ ಹೆಚ್ಚಾಗಿ ಬರುವುದು ರಮಝಾನ್‌ನಲ್ಲಿ. ಅರ್ಜಿ ಶುಲ್ಕದ ಅಗತ್ಯ ಶುರುವಾಗುವುದು ಅದಕ್ಕೆ ಆರೇಳು ತಿಂಗಳು ಮೊದಲು. 2025ರಲ್ಲಿ ಸಾಮಾನ್ಯ ವರ್ಗದವರಿಗೆ ಕ್ಲ್ಯಾಟ್ ಅರ್ಜಿಗೆ 4,000 ರೂಪಾಯಿ, ನೀಟ್‌ಗೆ 1,700, ಜೆಇಇ ಮೇನ್‌ನ ಒಂದು ಅವಧಿಗೆ ಹುಡುಗರಿಗೆ 1,000, ಹುಡುಗಿಯರಿಗೆ 800 ರೂಪಾಯಿ ಇತ್ತು. ಬೀಡಿ ಕಟ್ಟುವ, ಆಟೋ ಓಡಿಸುವ, ಗ್ಯಾರೇಜಿನಲ್ಲಿ ದುಡಿಯುವ ಮನೆಯಲ್ಲಿ ಮೂರು ಅರ್ಜಿ ಹಾಕಬೇಕಾದ ಮಗು ಒಂದೇ ಹಾಕುತ್ತದೆ. ಒಂದು ವರ್ಷದ ಕಾಲೇಜು ಶುಲ್ಕಕ್ಕೆ ತಾವು ಕೊಡುವ ಮೊತ್ತದ ಸಣ್ಣ ಭಾಗವನ್ನು ಅರ್ಜಿಗಳ ಕಾಲದಲ್ಲಿ, ಆಗಸ್ಟ್‌ನಿಂದ ಜನವರಿಯ ನಡುವೆ, ಕೊಟ್ಟರೆ ಹಲವು ಮಕ್ಕಳಿಗೆ ಬಾಗಿಲು ತೆರೆದಿರುತ್ತದೆ. ಹಣವಲ್ಲದೆ ಸಮಯ ಕೊಡಬಲ್ಲವರೂ ಬೇಕು. ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ಭಾನುವಾರ ಎರಡು ಗಂಟೆ ಕುಳಿತು ಅರ್ಜಿ ತುಂಬಿಸಿ ತಾಳೆ ನೋಡಿಕೊಟ್ಟರೆ ಅದೂ ದೊಡ್ಡ ದಾನವೇ.

ಮನೆಯವರು ಈಗ ಮಾಡಬೇಕಾದದ್ದು

ಹತ್ತನೇ ತರಗತಿ: ಶಾಲಾ ದಾಖಲೆ ಮತ್ತು ಆಧಾರ್‌ನಲ್ಲಿ ಮಗುವಿನ, ತಂದೆ–ತಾಯಿಯ ಹೆಸರು ಒಂದೇ ಇದೆಯೇ ನೋಡಿ. ತಪ್ಪಿದ್ದರೆ ಈ ವರ್ಷವೇ ತಿದ್ದಿಸಿ.

ಪ್ರಥಮ ಪಿಯು: 2ಬಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ಅನ್ವಯಿಸಿದರೆ 371(ಜೆ) ಪ್ರಮಾಣಪತ್ರ ಮಾಡಿಸಿ. ಮಗು ಯಾವ ಕೋರ್ಸು ಬಯಸುತ್ತದೆ, ಅದಕ್ಕೆ ಯಾವ ಪರೀಕ್ಷೆ ಎಂದು ಬೇಸಿಗೆ ರಜೆಯಲ್ಲಿ ವಿಚಾರಿಸಿ.

ದ್ವಿತೀಯ ಪಿಯು: ಜುಲೈಯಿಂದ ಮಾರ್ಚ್‌ವರೆಗಿನ ಅರ್ಜಿಗಳ ಕೊನೆಯ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ದಿನಾಂಕ ವರ್ಷ ವರ್ಷ ಬದಲಾಗುವುದರಿಂದ ಅಧಿಕೃತ ಜಾಲತಾಣದಲ್ಲಿ ನೋಡಿ, ವಾಟ್ಸ್ಆ್ಯಪ್ ಸಂದೇಶ ನಂಬಬೇಡಿ. ಒಂದೇ ಮೊಬೈಲ್ ಸಂಖ್ಯೆ, ಒಂದೇ ಇಮೇಲ್ ಎಲ್ಲ ಅರ್ಜಿಗೂ ಇರಲಿ. ಅವು ಸೈಬರ್ ಸೆಂಟರ್‌ನವರದಲ್ಲ, ನಿಮ್ಮದೇ ಆಗಿರಲಿ. ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದಿಡಿ.

ಈ ವರದಿಯ ಜೊತೆ ಇರುವ ವಿದ್ಯಾರ್ಥಿವೇತನ ಪ್ರಕಟಣೆಯನ್ನು ಓದಿ, ಅರ್ಜಿಯನ್ನು ಕೊನೆಯ ವಾರಕ್ಕೆ ಬಿಡದೆ ತನ್ನಿ. ದಾಖಲೆಯಲ್ಲಿ ಕೊರತೆ ಕಂಡರೆ ತಿದ್ದಿಸಲು ನಾವೂ ಜೊತೆಗಿರುತ್ತೇವೆ. ಅದಕ್ಕೆ ನಮಗೂ ಸ್ವಲ್ಪ ಸಮಯ ಬೇಕು.